ಹತ್ತು ಗಂಟೆಯ ದಾರಿ

ಜನವರಿ 12

ತಂಗಿಗೆ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಸಿಹಿ ಸುದ್ದಿ. ಮಾರ್ಚ್ ಕೊನೆಗೆ ನನ್ನ ಕರಾರು ಮುಗಿಯುತ್ತದೆ. ಏಪ್ರಿಲ್ ಮೊದಲ ವಾರ ನಾನು ನಿನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತಿರುತ್ತೇನೆ. ನೀನು ಮಿಷನ್ನಿನಿಂದ ತಲೆ ಎತ್ತದೆ "ಅಳತೆ ಕೊಟ್ಟು ಹೋಗಿ, ಶುಕ್ರವಾರ ಬನ್ನಿ" ಅಂದೆಯೋ, ಗಿರಾಕಿಗಳ ಮುಂದೆಯೇ ಕಿವಿ ಹಿಂಡುತ್ತೇನೆ.

ಕಡ್ಡಿಗೆ ಹೇಳು. ಅವಳಪ್ಪ ತೀರಿಕೊಂಡಾಗ ಬೇರೆ ದಾರಿ ಕಾಣದೆ ಎರಡೂವರೆ ವರ್ಷದ ಮಗಳನ್ನು ನಿನ್ನ ಮಡಿಲಿಗೆ ಹಾಕಿ ಬಂದೆ. ಮೊನ್ನೆ ಆರು ತುಂಬಿತು. ಈಗಲೂ ಅಷ್ಟೇ ಸಣಕಲಿಯೋ, ಅಥವಾ ಆ ಅಡ್ಡಹೆಸರು ಬದಲಿಸಬೇಕೋ? ನನಗಿರುವುದು ಒಂದೇ ಭಯ ಕಣೇ. ನಾನು ಎದುರಿಗೆ ಬಂದು ನಿಂತಾಗ ಅವಳು ನನ್ನನ್ನು ಗುರುತು ಹಿಡಿಯದಿದ್ದರೆ? ಉಳಿದದ್ದೆಲ್ಲ ಹೇಗೋ ತಡೆದುಕೊಂಡೇನು, ಅದೊಂದನ್ನು ತಡೆಯಲಾರೆ.

ಇಲ್ಲಿ ಕೆಲಸ ಮಾಮೂಲು. ವಿಮಾನದಲ್ಲಿ ಹೊದೆಯಲು ಕೊಡುವ ಕಂಬಳಿಗಳು ಮೂಟೆಮೂಟೆಯಾಗಿ ಬರುತ್ತವೆ. ಒಗೆಯುವುದು, ಬಿಸಿ ಯಂತ್ರದಲ್ಲಿ ಒತ್ತುವುದು, ಮಡಿಸುವುದು, ಚೀಲಕ್ಕೆ ತುಂಬುವುದು. ಬುಧವಾರ ಮತ್ತು ಶನಿವಾರ ಬೆಳಿಗ್ಗೆ ನಮ್ಮ ಊರಿನಿಂದ ಹೊರಟ ವಿಮಾನ ಸಂಜೆ ಇಲ್ಲಿಗೆ ಬಂದು ಇಳಿಯುತ್ತದೆ. ಅದರ ಮೂಟೆಯನ್ನು ನಾನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಬಿಚ್ಚಿದ ಕೂಡಲೇ ಮೂಗಿಟ್ಟು ನೋಡುತ್ತೇನೆ. ಯಾರದೋ ಬೆವರು, ಯಾರದೋ ತಲೆಯೆಣ್ಣೆ. ಆದರೂ ಊರಿನವರದಲ್ಲವೇ! ಒಂದು ಕಂಬಳಿಯ ಮೂಲೆಗೆ ನೀನು ಕಲಿಸಿದ ಗಂಟು ಹಾಕಿ ಕೆಂಪು ದಾರ ಹೊಲಿದು ಕಳಿಸಿದ್ದೆ. ಕೆಲವು ವಾರ ಬಿಟ್ಟು ಅದೇ ವಿಮಾನದಲ್ಲಿ ಮತ್ತೆ ಬಂತು. ಕಂಬಳಿ ಊರು ನೋಡಿಕೊಂಡು ಬಂತು, ನನಗೆ ಆ ಭಾಗ್ಯವಿಲ್ಲ.

ಸಾಮಾನು ಹೊರುವವನೊಬ್ಬ ಹೇಳಿದ, ಎಂಟೂವರೆ ಸಾವಿರ ಕಿಲೋಮೀಟರಂತೆ. ಊರಿನಿಂದ ಇಲ್ಲಿಗೆ ಬರಲು ಹನ್ನೊಂದೂವರೆ ಗಂಟೆ ಬೇಕು, ಇಲ್ಲಿಂದ ಊರಿಗೆ ಹತ್ತೇ ಗಂಟೆ. ಹೋಗುವಾಗ ಗಾಳಿ ಹಿಂದಿನಿಂದ ನೂಕುತ್ತದಂತೆ. ನೋಡು, ಗಾಳಿಗೂ ಗೊತ್ತು ನನ್ನನ್ನು ಯಾವ ಕಡೆ ನೂಕಬೇಕೆಂದು. ಅದೇ ವಿಮಾನದಲ್ಲಿ ಬರುವ ಈ ಕಾಗದ ಮಾತ್ರ ನಿನ್ನ ಕೈ ಸೇರಲು ಎರಡು ವಾರ ತೆಗೆದುಕೊಳ್ಳುತ್ತದೆ. ಇಳಿದ ಮೇಲೆ ನಡೆದುಕೊಂಡು ಬರುತ್ತದೋ ಏನೋ.

ಫೋನು ಬೇಡ. ಕಳೆದ ಸಲ ಕಡ್ಡಿ ಉಸಿರಾಡಿದ್ದು ಬಿಟ್ಟು ಬೇರೇನೂ ಕೇಳಲಿಲ್ಲ, ನಾವಿಬ್ಬರೂ ಅತ್ತು ಮುಗಿಸುವಷ್ಟರಲ್ಲಿ ಕರೆ ಮುಗಿದಿತ್ತು. ಅದರ ಬದಲು ಅವಳ ಪಾದವನ್ನು ಒಂದು ಹಾಳೆಯ ಮೇಲೆ ಇಟ್ಟು ಸುತ್ತ ಗೀಟು ಎಳೆದು ಕಳಿಸು. ಶೂ ಕೊಳ್ಳಬೇಕು.

ನಿನ್ನ ಅಕ್ಕ


ಜನವರಿ 30

ಅಕ್ಕಾ,

ಪಾದ ಕಳಿಸಿದ್ದೇನೆ. ಗೀಟು ಎಳೆಯುವಾಗ ಕಚಗುಳಿ ಎಂದು ಕುಣಿದಳು, ಹಾಗಾಗಿ ಕಿರುಬೆರಳು ಎರಡಾಗಿ ಬಿದ್ದಿದೆ. ಗಾಬರಿಯಾಗಬೇಡ, ಇರುವುದು ಒಂದೇ.

ನೀನು ಬರುವ ಸುದ್ದಿ ಕೇಳಿ ಅವಳು ಮೊದಲು ನಂಬಲಿಲ್ಲ. "ಚಿಕ್ಕಿ, ನಿಜವಾಗ್ಲೂನಾ? ನನ್ನ ತಲೆ ಮೇಲೆ ಕೈ ಇಟ್ಟು ಹೇಳು" ಎಂದಳು. ಇಟ್ಟು ಹೇಳಿದೆ. ಅವತ್ತಿನಿಂದ ಮನೆಯಲ್ಲಿ ಕಾಲು ನಿಲ್ಲುತ್ತಿಲ್ಲ. ಬುಧವಾರ, ಶನಿವಾರ ಬೆಳಿಗ್ಗೆ ತಾರಸಿಗೆ ಓಡಿ ವಿಮಾನಕ್ಕೆ ಕೈ ಬೀಸುತ್ತಾಳೆ. ಅದರಲ್ಲಿ ಕಂಬಳಿಗಳು ನಿನ್ನ ಹತ್ತಿರ ಹೋಗುತ್ತವೆ ಎಂದು ನಾನೇ ಹೇಳಿಕೊಟ್ಟಿದ್ದು. ಮಿಷನ್ನಿನ ಮೇಲೆ ಗೋಡೆಯಲ್ಲಿ ನಿನ್ನ ಆ ಹಳೆಯ ಫೋಟೊ ಇದೆಯಲ್ಲ, ಬಂದವರಿಗೆಲ್ಲ ತೋರಿಸುತ್ತಾಳೆ. "ನಮ್ಮಮ್ಮನ ಜಡೆ ಎಷ್ಟುದ್ದ ಗೊತ್ತಾ? ಕೂತ್ರೆ ನೆಲ ಮುಟ್ಟುತ್ತೆ." ಗುರುತು ಹಿಡಿಯದೆ ಇರುತ್ತಾಳೆಯೇ? ಸುಮ್ಮನೆ ಇಲ್ಲದ ಭಯ ಹಚ್ಚಿಕೊಳ್ಳಬೇಡ.

ಶಾಲೆಯ ಗೇಟು ಅಂಗಡಿಯ ಎದುರಿಗೇ ಇರುವುದರಿಂದ ನನಗೆ ಅನುಕೂಲ. ಮಿಷನ್ ತುಳಿಯುತ್ತಲೇ ಅವಳು ಹೊರಗೆ ಬರುವುದನ್ನು ನೋಡಬಹುದು. ಹೋದ ವಾರ ಗೇಟಿನ ಹತ್ತಿರ ಯಾರೋ ಒಂದು ಮಗುವನ್ನು ಮಾತಾಡಿಸಿ ಕರೆದೊಯ್ಯಲು ನೋಡಿದರಂತೆ. ಕಡ್ಡಿಗೆ ನಾಲ್ಕು ಬುದ್ಧಿಮಾತು ಹೇಳಿದ್ದೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಬೇಗ ಬಾ. ಯೂನಿಫಾರ್ಮ್ ಹೊಲಿಯುವ ಕಾಲ ಹತ್ತಿರ ಬರುತ್ತಿದೆ, ಗುಂಡಿ ಹಾಕಲು ಒಬ್ಬರು ಬೇಕು. ಕಿವಿ ಹಿಂಡುವುದನ್ನು ಆಮೇಲೆ ನೋಡೋಣ.

ತಂಗಿ


ಫೆಬ್ರವರಿ 20

ತಂಗಿಗೆ,

ಊರಿಗೆ ಹೋಗುತ್ತಿರುವ ಒಬ್ಬರ ಕೈಯಲ್ಲಿ ಶೂ ಕಳಿಸುತ್ತಿದ್ದೇನೆ. ನೀಲಿ ಬಣ್ಣದ್ದು, ಹಳದಿ ಬಕಲ್ ಇದೆ. ನೀನು ಕಳಿಸಿದ ಪಾದ ನನ್ನ ಕೈಗೆ ಬರುವಷ್ಟರಲ್ಲಿ ಎರಡು ವಾರ ಹಳತಾಗಿತ್ತು, ಮಕ್ಕಳ ಕಾಲು ಅಂಚೆಗೆ ಕಾಯುತ್ತದೆಯೇ? ಅದಕ್ಕೆ ಒಂದು ಬೆರಳಿನಷ್ಟು ದೊಡ್ಡದನ್ನೇ ಆರಿಸಿದೆ. ಆ ಹಾಳೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಮೇಲಿನ ಮಂಚದವಳು ನಗುತ್ತಾಳೆ. ಅವಳೂ ನಮ್ಮ ಭಾಷೆಯವಳೇ, ನಗುವುದಕ್ಕೆ ಅವಳಿಗೆ ಹಕ್ಕಿದೆ.

ಏಪ್ರಿಲ್ ಎಂದಿದ್ದೆನಲ್ಲ, ಅದು ಸ್ವಲ್ಪ ಮುಂದೆ ಹೋಗಿದೆ. ನನ್ನ ಜಾಗಕ್ಕೆ ಬೇರೆಯವರು ಸಿಗುವವರೆಗೆ ಬಿಡುವುದಿಲ್ಲವಂತೆ. ಪಾಸ್‌ಪೋರ್ಟ್ ಇಲ್ಲಿಯ ಆಫೀಸಿನ ಕಪಾಟಿನಲ್ಲಿದೆ, ಕೇಳಿದರೆ ಮೇಲ್ವಿಚಾರಕಿ ಬೀಗದ ಕೈಯನ್ನು ಜೇಬಿನೊಳಗೆ ತಳ್ಳುತ್ತಾಳೆ. ಜೂನ್ ಎಂದಿಟ್ಟುಕೋ. ಕಡ್ಡಿಗೆ ನೀನೇ ಏನಾದರೂ ಹೇಳು. ನನಗೆ ಪದ ಹೊಳೆಯುತ್ತಿಲ್ಲ.

ಅಕ್ಕ


ಮಾರ್ಚ್ 12

ಅಕ್ಕಾ,

ಏನು ಹೇಳಲಿ? ನೀನೇ ಹೇಳಿಕೊಡು. ಮಗುವಿನ ತಲೆಯ ಮೇಲೆ ಕೈಯಿಟ್ಟವಳು ನಾನು, ನೀನಲ್ಲ.

ಹತ್ತು ಗಂಟೆಯ ದಾರಿ ಎಂದು ನೀನೇ ಬರೆದೆ. ಬೆಳಿಗ್ಗೆ ನಾನು ಅಂಗಡಿ ತೆಗೆದು, ಮಧ್ಯಾಹ್ನ ಊಟ ಮಾಡಿ, ಸಂಜೆ ಬಾಗಿಲು ಹಾಕುವಷ್ಟು ಹೊತ್ತು. ಮೂರೂವರೆ ವರ್ಷದಲ್ಲಿ ನಿನಗೆ ಅಂಥ ಒಂದು ದಿನ ಸಿಗಲಿಲ್ಲ. ಮೊದಲ ವರ್ಷ ಬರುತ್ತೇನೆ ಎಂದೆ, ಎರಡನೆಯ ವರ್ಷ ಬಂದೇ ಬಿಟ್ಟೆ ಎಂದೆ. ಹೇಳುವುದು ನಿನಗೆ ಸುಲಭ, ಇಲ್ಲಿ ಅವಳ ಮುಖ ನೋಡುವವಳು ನಾನು. ಜೂನ್ ಎಂದ ಕೂಡಲೇ ಕಡ್ಡಿ ತಾರಸಿಗೆ ಹೋಗಿ ಕೂತಳು. ಅವತ್ತು ವಿಮಾನವೂ ಇರಲಿಲ್ಲ.

ಶೂ ಬಂದಿದೆ. ಶಾಲೆಯಲ್ಲಿ ಕಪ್ಪು ಶೂ ಹಾಕಬೇಕು, ಇವಳು ನೀಲಿ ಬಿಡುವುದಿಲ್ಲ ಎಂದು ಹಟ ಹಿಡಿದಳು. ಟೀಚರ ಹತ್ತಿರ ಜಗಳ ಆಡಿ ಒಪ್ಪಿಸಿದ್ದೇನೆ.

ಬರುವ ಮನಸ್ಸಿಲ್ಲದಿದ್ದರೆ ಕಡ್ಡಿ ಮುರಿದಂತೆ ಹೇಳಿಬಿಡು. ಅಮ್ಮ ಬರುತ್ತಾಳೆ, ಅಮ್ಮ ಬರುತ್ತಾಳೆ ಎಂದು ದಿನಾ ಸುಳ್ಳು ಹೇಳುವುದಕ್ಕಿಂತ, ನಾನೇ ಅಮ್ಮ ಎಂದು ಒಂದೇ ಸಲ ಸುಳ್ಳು ಹೇಳಿ ಮುಗಿಸುತ್ತೇನೆ.

ತಂಗಿ


ಮೇ 24

ತಂಗಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಕೆಲಸ ಹೆಚ್ಚಿದ್ದುದರಿಂದ ಬರೆಯಲಾಗಲಿಲ್ಲ. ನೀವಿಬ್ಬರೂ ಆರೋಗ್ಯವಾಗಿರುವಿರಿ ಎಂದು ನಂಬುತ್ತೇನೆ. ಜೂನ್ ತಿಂಗಳಲ್ಲಿ ಬರುವುದು ಕಷ್ಟ. ಮುಂದೆ ತಿಳಿಸುತ್ತೇನೆ. ಮಗುವಿಗೆ ನನ್ನ ಆಶೀರ್ವಾದಗಳು.

ಅಕ್ಕ


ಜೂನ್ 10

ಅಕ್ಕಾ,

ಅದು ಯಾರ ಅಕ್ಷರ?

ಮೂರು ತಿಂಗಳು ಸುದ್ದಿಯಿಲ್ಲ. ಅಂಚೆಯವನು ನನ್ನ ಮುಖ ನೋಡಿಯೇ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಕೊನೆಗೆ ಬಂದದ್ದು ಆರು ಸಾಲು, ಅದೂ ಮುದ್ದಾದ ದುಂಡು ಅಕ್ಷರದಲ್ಲಿ. ನಿನ್ನದು ಕೋಳಿ ಕೆದರಿದ ಹಾಗಿರುತ್ತಿತ್ತು. ಕಾಗದ ಬರೆಯಲೂ ಆಳು ಇಟ್ಟುಕೊಂಡೆಯಾ? "ಆಶೀರ್ವಾದಗಳು" ಅಂತೆ! ಮಗಳ ಹೆಸರು ಕಡ್ಡಿ ಎನ್ನುವುದೂ ಮರೆತುಹೋಯಿತೇನೋ. ಅಲ್ಲಿ ನಿನಗೆ ಹೊಸ ಸಂಸಾರವೇನಾದರೂ ಕೂಡಿದ್ದರೆ ಹೇಳು, ನಾನೇನು ಅಡ್ಡ ಬರುವವಳಲ್ಲ.

ಕಡ್ಡಿ ಈಗ ತಾರಸಿಗೆ ಹೋಗುವುದಿಲ್ಲ. ನೀನು ಯಾವಾಗ ಬರುತ್ತೀಯೆಂದು ಕೇಳುವುದನ್ನೂ ಬಿಟ್ಟಿದ್ದಾಳೆ. ಅತ್ತರೆ ಸಮಾಧಾನ ಮಾಡಬಹುದು, ರಂಪ ಮಾಡಿದರೆ ಎರಡು ಬಾರಿಸಬಹುದು. ಸುಮ್ಮನೆ ಇರುವ ಮಗುವನ್ನು ಏನು ಮಾಡಬೇಕೋ ನನಗೆ ಗೊತ್ತಿಲ್ಲ.

ಬರುವುದಾದರೆ ಬಾ. ಇಲ್ಲದಿದ್ದರೆ ಇನ್ನು ಕಾಗದವೂ ಬೇಡ.

ತಂಗಿ


ಜುಲೈ 16

ತಂಗಿಗೆ,

ನಿನ್ನ ಕಾಗದ ತಲುಪಿತು. ಅಕ್ಷರ ಸೊಟ್ಟಗಿದೆಯೆಂದು ಬೈಯಬೇಡ, ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಹೀಗೇ, ಹುಡುಗಾಟಕ್ಕೆ.

ತುಂಬಾ ಯೋಚನೆ ಮಾಡಿದೆ. ನೀನು ಹೇಳಿದ್ದೇ ಸರಿ. ಇನ್ನೂ ಮೂರು ವರ್ಷದ ಕರಾರಿಗೆ ಸಹಿ ಹಾಕುತ್ತೇನೆ. ಹೆತ್ತವಳು ನಾನಾದರೂ ಸಾಕಿದವಳು ನೀನು. ಮೂಗು ಒರೆಸಿದವಳು, ತಲೆ ಬಾಚಿದವಳು, ಜ್ವರದಲ್ಲಿ ಪಕ್ಕ ಕೂತವಳು ನೀನು. ಅವಳಿಗೆ ನೀನೇ ಅಮ್ಮ, ಹಾಗೆಯೇ ಇರಲಿ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಅವಳ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎನ್ನುವುದು ನನಗೆ ಗೊತ್ತಾಗಿದೆ. ಗೊತ್ತಾದ ಮೇಲೆ ಮಧ್ಯೆ ಬಂದು ಕೂರುವುದಕ್ಕೆ ನಾನ್ಯಾರು?

ಗೋಡೆಯ ಮೇಲಿನ ನನ್ನ ಫೋಟೊ ತೆಗೆದಿಡು. ಶೂ ಚಿಕ್ಕದಾಗಿದೆ, ಬೇರೆ ಕೊಡಿಸು. ಅದರ ಹಿಂಬದಿಯನ್ನು ಹಿಮ್ಮಡಿಯಲ್ಲಿ ತುಳಿದುಕೊಂಡು ರಸ್ತೆ ದಾಟಲು ಬಿಡಬೇಡ, ಎಡವಿ ಬಿದ್ದಾಳು.

ನಿನ್ನ ಮೇಲೆ ನನಗೆ ಏನೂ ಇಲ್ಲ ಕಣೇ. ನನ್ನ ಹೊಟ್ಟೆ ಉರಿಯುತ್ತದೆ, ಅಷ್ಟೇ. ಅದು ತಾನಾಗಿಯೇ ಆರುತ್ತದೆ.

ಅಕ್ಕ


ಜುಲೈ 18, ಶನಿವಾರ ಬೆಳಿಗ್ಗೆ
ವಿಮಾನ ನಿಲ್ದಾಣದ ಬಾಗಿಲಲ್ಲಿ

ಅಕ್ಕಾ,

ಗಾಜಿನ ಈಚೆ ನಾನಿದ್ದೇನೆ. ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಕಾವಲಿನವನು ಕೈ ಅಡ್ಡ ಹಿಡಿದಿದ್ದಾನೆ. ಕಾಲಿಗೆ ಬಿದ್ದೆ, ಬೈದೆ, ಅತ್ತೆ, ಯಾವುದಕ್ಕೂ ಜಗ್ಗಲಿಲ್ಲ. ನೆಲ ಒರೆಸುವ ಹೆಂಗಸೊಬ್ಬರು ಕನಿಕರಪಟ್ಟು ಈ ಚೀಟಿ ಒಯ್ಯುತ್ತೇನೆ ಎಂದಿದ್ದಾರೆ. ಗಿಡ್ಡ ಕೂದಲು, ಬಲಗೈಗೆ ಬಟ್ಟೆ ಸುತ್ತಿಕೊಂಡಿರುವವಳು ಎಂದು ಗುರುತು ಹೇಳಿದ್ದೇನೆ. ನಿನ್ನ ಗುರುತನ್ನು ನನಗೆ ಹೇಳಿದವಳು ನಿನ್ನ ಮಗಳು.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಓದುತ್ತಾ ಓದುತ್ತಾ ಹಿಮ್ಮಡಿಯ ಮಾತಿಗೆ ಬಂದು ನಿಂತೆ. ಅವಳು ಶೂ ತುಳಿದು ಹಾಕಿಕೊಳ್ಳುತ್ತಾಳೆಂದು ನಾನು ನಿನಗೆ ಬರೆದೇ ಇಲ್ಲ. ಲಕೋಟೆ ತಿರುಗಿಸಿ ನೋಡಿದೆ. ನಮ್ಮೂರಿನದೇ ಮುದ್ರೆ, ಹಿಂದಿನ ದಿನದ್ದು. ಎರಡು ವಾರ ತೆಗೆದುಕೊಳ್ಳಬೇಕಾದ ಕಾಗದ ಒಂದೇ ದಿನಕ್ಕೆ ಬಂದಿದೆ. ನೀನು ಇಲ್ಲೇ ಇದ್ದೀಯ! ಇದೇ ಊರಿನ ಯಾವುದೋ ಕೋಣೆಯಲ್ಲಿ ಕೂತು, ಎಂಟೂವರೆ ಸಾವಿರ ಕಿಲೋಮೀಟರ್ ದೂರದಲ್ಲಿರುವವಳ ಹಾಗೆ ನನಗೆ ಬರೆದಿದ್ದೀಯ.

ಕಡ್ಡಿಯನ್ನು ಕೂರಿಸಿಕೊಂಡು ಕೇಳಿದೆ. "ಬುಧವಾರ ಸ್ಕೂಲು ಬಿಟ್ಟಾಗ ಒಬ್ರು ಆಂಟಿ ಬಂದಿದ್ರು ಅಂದ್ನಲ್ಲ ಚಿಕ್ಕಿ. ಅವ್ರು ನನ್ನ ಶೂನೇ ನೋಡ್ತಿದ್ರು. ನಿಮ್ಮಮ್ಮ ಎಲ್ಲಿ ಪುಟ್ಟಾ ಅಂತ ಕೇಳಿದ್ರು. ನೀನು ಹೇಳ್ಕೊಟ್ಟ ಹಾಗೇ ಹೇಳ್ದೆ."

ಅಕ್ಕಾ, ನಾನೇ ಹೇಳಿಕೊಟ್ಟದ್ದು. ಗೇಟಿನ ಹತ್ತಿರ ಗುರುತಿಲ್ಲದವರು ಯಾರಾದರೂ ಮಾತಾಡಿಸಿ ಅಮ್ಮ ಎಲ್ಲಿ ಎಂದರೆ, ದೂರದಲ್ಲಿದ್ದಾಳೆ ಎನ್ನಬೇಡ, ಒಂಟಿ ಮಗು ಎಂದುಕೊಂಡುಬಿಡುತ್ತಾರೆ. ನನ್ನ ಕಡೆ ಬೆರಳು ತೋರಿಸಿ "ಅಗೋ, ನಮ್ಮಮ್ಮ ಮಿಷನ್ ಹತ್ರ ಕೂತಿದ್ದಾಳೆ" ಎಂದು ಜೋರಾಗಿ ಹೇಳು ಎಂದಿದ್ದೆ. ದಿನಾ ಬೆಳಿಗ್ಗೆ ಬಾಯಿಪಾಠ ಮಾಡಿಸುತ್ತಿದ್ದೆ. ಅದಕ್ಕೇ ಅಷ್ಟು ಸಲೀಸಾಗಿ ಬಂತು. ನಿನಗೆ ಬರೆದರೆ ಅಲ್ಲಿ ಕೂತು ಹೆದರುತ್ತೀಯೆಂದು ಬರೆಯಲಿಲ್ಲ. ಕಂಡ ಕಂಡ ಕಳ್ಳರಿಗೆಂದು ಕಟ್ಟಿದ ಬೇಲಿ, ಹೆತ್ತ ತಾಯಿಯನ್ನೇ ಆಚೆ ನಿಲ್ಲಿಸಿತು. ಆ ಹೊತ್ತಿನಲ್ಲಿ ನಾನು ಮಿಷನ್ನಿನಿಂದ ತಲೆಯನ್ನೇ ಎತ್ತಿರಲಿಲ್ಲ. ಬುಧವಾರ ಅವಳು ಬಂದು ಹೇಳಿದಾಗ ನಾನೇನು ಮಾಡಿದೆ ಗೊತ್ತೇ? "ಭೇಷ್, ಜಾಣೆ" ಎಂದು ಬೆನ್ನು ತಟ್ಟಿದೆ. ಈ ಕೈ ಬಿದ್ದುಹೋಗಬಾರದೇ!

ಅವಳಿಗೆ ಗೊತ್ತಿರುವ ಅಮ್ಮನಿಗೆ ಜಡೆ ನೆಲ ಮುಟ್ಟುತ್ತದೆ. ಕೂದಲು ಕತ್ತರಿಸಿದ್ದನ್ನು ನೀನು ನಮಗೆ ಹೇಳಲಿಲ್ಲ. ಆ ಕೈಗೆ ಏನಾಯಿತೆಂದೂ ಹೇಳಲಿಲ್ಲ. ಬೇರೆ ಅಕ್ಷರ ನೋಡಿ ನಾನು ಏನೇನೋ ಅಂದೆ. ನನ್ನ ನಾಲಿಗೆಯ ಮೇಲೆ ಬರೆ ಹಾಕು, ಆದರೆ ಹೊರಗೆ ಬಂದು ಹಾಕು.

ಮುಚ್ಚುಮರೆ ಇಲ್ಲದೆ ಇನ್ನೊಂದನ್ನೂ ಹೇಳುತ್ತೇನೆ. ನಿದ್ದೆಗಣ್ಣಿನಲ್ಲಿ ಒಂದೆರಡು ಸಲ ಅವಳು ನನ್ನನ್ನು ಅಮ್ಮ ಎಂದಿದ್ದಾಳೆ. ನಾನು ತಿದ್ದಲಿಲ್ಲ. ಕೇಳಲು ಹಿತವಾಗಿತ್ತು, ಕೇಳಿಸಿಕೊಂಡೆ. ಬೆಳಗಾದ ಮೇಲೆ ಮತ್ತೆ ಚಿಕ್ಕಿಯೇ. ಆ ಶೂ ನಿನ್ನ ಲೆಕ್ಕಕ್ಕಿಂತ ಬೇಗ ಬಿಗಿಯಾಯಿತು, ಬೆರಳು ಕೆಂಪಾದರೂ ಬಿಚ್ಚುವುದಿಲ್ಲ. "ಅಮ್ಮ ಬಂದು ಬೇರೆ ಕೊಡಿಸ್ತಾಳೆ, ಅಲ್ಲೀವರೆಗೆ ಇದೇ" ಅನ್ನುತ್ತಾಳೆ. ನೀನು ಕೇಳಿದ್ದು ಒಂದು ಮಾತು, ಅದರ ಹಿಂದಿನ ಮಾತುಗಳನ್ನು ನಾನು ಕೇಳಿದ್ದೇನೆ.

ನಿನ್ನೆ ಸಂಜೆಯವರೆಗೆ ಇವಳ ಕೈ ಹಿಡಿದು ವಸತಿಗೃಹಗಳ ಬಾಗಿಲು ಬಡಿದೆ. ಸಿಗಲಿಲ್ಲ. ಬುಧವಾರ ಬಿಟ್ಟರೆ ಶನಿವಾರ ಎಂದು ನೀನೇ ಬರೆದದ್ದು ನೆನಪಿತ್ತು, ಬೆಳಗಾಗುವುದನ್ನೇ ಕಾದು ಇಲ್ಲಿಗೆ ಓಡಿ ಬಂದೆ. ವಿಮಾನ ಗಾಜಿನಾಚೆ ನಿಂತಿರುವುದು ಕಾಣಿಸುತ್ತಿದೆ. ಕಡ್ಡಿಗೆ ಎಲ್ಲ ಹೇಳಿದ್ದೇನೆ. ಗಾಜಿಗೆ ಮೂಗು ಒತ್ತಿಕೊಂಡು ಒಳಗಿರುವ ಒಬ್ಬೊಬ್ಬರ ತಲೆಯನ್ನೂ ನೋಡುತ್ತಿದ್ದಾಳೆ. "ಗಿಡ್ಡ ಕೂದ್ಲಾದ್ರೂ ಪರ್ವಾಗಿಲ್ಲ ಅಂತ ಬರಿ ಚಿಕ್ಕಿ" ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ಹತ್ತು ಗಂಟೆ ಹಾರಿ ಬಂದವಳು ನೀನು. ಇನ್ನು ಉಳಿದಿರುವುದು ಒಂದು ಹಜಾರ. ಇದಕ್ಕೆ ಉತ್ತರ ಬರೆಯಬೇಡ. ಬಾ.

ತಂಗಿ


(ಅದೇ ಹಾಳೆಯ ಹಿಂಬದಿಯಲ್ಲಿ, ಸೊಟ್ಟ ಅಕ್ಷರದಲ್ಲಿ)

ಬರುತ್ತಿದ್ದೇನೆ. ಈ ಬಾಗಿಲಿನಿಂದ ಹೊರಗೆ ಬಿಡುವುದಿಲ್ಲವಂತೆ, ಸುತ್ತಿ ಬರಬೇಕು, ಅದಕ್ಕೇ ಈ ಎರಡು ಸಾಲು. ನೀವು ಹೋಗಿಬಿಟ್ಟೀರಿ ಎಂದು ಜೀವ ಹೊಡೆದುಕೊಳ್ಳುತ್ತಿದೆ. ಹೋಗಬೇಡಿ.

ಜಡೆ ಒತ್ತುವ ಯಂತ್ರಕ್ಕೆ ಸಿಕ್ಕಿತು, ಬಿಡಿಸಿಕೊಳ್ಳಲು ಹೋಗಿ ಕೈ ಸುಟ್ಟಿತು, ಮೇ ತಿಂಗಳ ಕಾಗದ ಮೇಲಿನ ಮಂಚದವಳು ಬರೆದುಕೊಟ್ಟಳು. ಗಾಯ ಇನ್ನೂ ಮಾಯಲಿಲ್ಲವೆಂದು ಈಗ ಪಾಸ್‌ಪೋರ್ಟು ಕೈಗಿಟ್ಟು ಹತ್ತು ದಿನ ರಜೆ ಕೊಟ್ಟರು. ಕಾಗದ ಬರೆದರೆ ಕಾಗದಕ್ಕಿಂತ ಮುಂಚೆ ನಾನೇ ಬಂದಿರುತ್ತೇನೆ ಎಂದು ಬರೆಯದೆ ಹೊರಟೆ. ವಿಮಾನದಲ್ಲಿ ಚಳಿಯೆಂದು ಸುಳ್ಳು ಹೇಳಿ ಮೂರು ಕಂಬಳಿ ತರಿಸಿಕೊಂಡು ಮೂಲೆ ಮೂಲೆ ನೋಡಿದೆ, ಕೆಂಪು ದಾರ ಇರಲಿಲ್ಲ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ, ಎದುರಿಗೇ ಹೇಳಬಹುದಲ್ಲ.

ಹೋಗುವುದೋ ಬಿಡುವುದೋ ಆಮೇಲೆ. ಎಡಗಡೆಯ ಎರಡನೆಯ ಬಾಗಿಲಿಗೆ ಬನ್ನಿ. ಕಡ್ಡಿಯನ್ನು ಓಡಲು ಬಿಡಬೇಡ, ನೆಲ ಈಗ ತಾನೇ ಒರೆಸಿದ್ದಾರೆ, ಅವಳ ಶೂ ಹಿಮ್ಮಡಿಗೆ ಏರುವುದಿಲ್ಲ. ನಾನೇ ಓಡಿ ಬರುತ್ತೇನೆ.